ಬಂಡೆಗೆ ನೆಟ್ಟ ಬೋಲ್ಟಿನ ಬಲ: ಕಡಿಮೆ ಖರ್ಚಿನಲ್ಲಿ ಅಳೆಯುವ ಬಗೆ



ಬಂಡೆ ಹತ್ತುವವರ ಜೀವ ಕಡೆಗೆ ನಿಲ್ಲುವುದು ಹತ್ತೋ ಹನ್ನೆರಡೋ ಮಿಲಿಮೀಟರ್ ದಪ್ಪದ ಒಂದು ಬೋಲ್ಟಿನ ಮೇಲೆ. ಬಂಡೆಗೆ ತೂತು ಕೊರೆದು, ಅದರೊಳಗೆ ಬಿಗಿದೋ ಅಂಟು ತುಂಬಿಯೋ ನಿಲ್ಲಿಸಿದ ಬೋಲ್ಟು, ಅದರ ತಲೆಗೆ ಹ್ಯಾಂಗರ್, ಹ್ಯಾಂಗರಿಗೆ ಕ್ಯಾರಾಬಿನರ್, ಅದರೊಳಗೆ ಹಗ್ಗ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ, ರಾಮನಗರ ಮತ್ತು ಸಾವನದುರ್ಗದ ಗ್ರಾನೈಟಿನಲ್ಲಿ ಇಂಥ ಬೋಲ್ಟುಗಳಿವೆ. ಯಾರು ಹಾಕಿದರು, ಯಾವಾಗ ಹಾಕಿದರು, ಯಾವ ಉಕ್ಕು, ತೂತು ಎಷ್ಟು ಆಳ ಎಂದು ಕೇಳಿದರೆ ಬಹುಪಾಲು ಉತ್ತರ ಸಿಗುವುದಿಲ್ಲ. ಹತ್ತುವವರು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಅಲ್ಲಾಡದಿದ್ದರೆ ಹಗ್ಗ ಹಾಕುತ್ತಾರೆ. ಕೈ ಕೊಡುವ ಎಳೆತವಾದರೂ ಎಷ್ಟು? ಬಿದ್ದಾಗ ಆ ಬೋಲ್ಟು ತಡೆಯಬೇಕಾದ ಬಲದ ಹತ್ತಿರಕ್ಕೂ ಅದು ಬರುವುದಿಲ್ಲ.

ಕಟ್ಟಡದ ಕೆಲಸದಲ್ಲಿ ಇಂಥ ಬೋಲ್ಟನ್ನು ಎಳೆದು ನೋಡುವ ಯಂತ್ರಗಳು ಬಹಳ ಹಿಂದೆಯೇ ಬಂದಿವೆ. ಹೊರದೇಶದಿಂದ ತರಿಸಿದರೆ ಬೆಲೆ ಲಕ್ಷ ದಾಟುತ್ತದೆ. ಭಾನುವಾರ ಬಸ್ಸು ಹತ್ತಿ ಬಂಡೆಗೆ ಹೋಗುವ ಹುಡುಗ ಹುಡುಗಿಯರ ಗುಂಪಿಗೆ ಅದು ಎಟುಕುವ ಮಾತಲ್ಲ. ಅದೇ ಕೆಲಸವನ್ನು ಹದಿನೈದು ಸಾವಿರ ರೂಪಾಯಿ ಒಳಗೆ ಮಾಡುವ ಯಂತ್ರವನ್ನು ನಮ್ಮ ಊರಿನ ಲೇತು, ವೆಲ್ಡಿಂಗ್ ಅಂಗಡಿಗಳಲ್ಲೇ ಮಾಡಿಸಿಕೊಳ್ಳಬಹುದು. ನಾವು ಮಾಡಿಸಿದ್ದೇವೆ. ಆದರೆ ಯಂತ್ರ ತೋರಿಸುವ ಸಂಖ್ಯೆಗೆ ಅರ್ಥ ಬರಬೇಕಾದರೆ ಬಲ ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತದೆ ಎಂಬುದು ಎಳೆಯುವವನಿಗೆ ತಿಳಿದಿರಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಬಲದ ಲೆಕ್ಕ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋ ಭಾರ. ಎಂಬತ್ತು ಕಿಲೋ ತೂಕದ ಮನುಷ್ಯ ಸುಮ್ಮನೆ ನೇತಾಡಿದರೆ ಬೋಲ್ಟಿನ ಮೇಲೆ ಒಂದು ಕಿಲೋನ್ಯೂಟನ್ನೂ ಬೀಳುವುದಿಲ್ಲ. ಆದರೆ ಆತ ಬೋಲ್ಟಿಗಿಂತ ಮೇಲೆ ಹೋಗಿ ಜಾರಿದಾಗ ಲೆಕ್ಕ ಬೇರೆಯಾಗುತ್ತದೆ. ಹಗ್ಗ ಮೇಲಿನ ಕ್ಯಾರಾಬಿನರಿನಲ್ಲಿ ಬಾಗಿ ಕೆಳಗೆ ಹಗ್ಗ ಹಿಡಿದು ಬಿಲೇ ಕೊಡುವವರ ಕಡೆಗೆ ಇಳಿದಿರುತ್ತದೆ. ಬಿದ್ದವನ ಕಡೆಯ ಹಗ್ಗದಲ್ಲಿ ಮೂರು ಕಿಲೋನ್ಯೂಟನ್ ಬಂದರೆ, ಕ್ಯಾರಾಬಿನರಿನ ಉಜ್ಜುವಿಕೆ ಸ್ವಲ್ಪ ನುಂಗಿ, ಇನ್ನೊಂದು ಕಡೆಯಲ್ಲಿ ಸುಮಾರು ಎರಡು ಉಳಿಯುತ್ತದೆ. ಎರಡೂ ಕೆಳಮುಖವಾಗಿ ಎಳೆಯುವುದರಿಂದ ಬೋಲ್ಟಿಗೆ ಬೀಳುವುದು ಐದು. ಅಂದರೆ ಅರ್ಧ ಟನ್. ಕೆಟ್ಟ ಬೀಳುವಿಕೆಯಲ್ಲಿ ಇದು ಇನ್ನೂ ಏರುತ್ತದೆ. ಒಂಟಿ ಹಗ್ಗದ ಪ್ರಯೋಗಾಲಯ ಪರೀಕ್ಷೆಯಲ್ಲಿ 80 ಕಿಲೋ ತೂಕವನ್ನು ಕೆಡವಿದಾಗ ಹಗ್ಗದಲ್ಲಿ ಹುಟ್ಟುವ ಬಲ 12 ಕಿಲೋನ್ಯೂಟನ್ ದಾಟಬಾರದು ಎಂಬ ನಿಯಮವಿದೆ.

ಯುರೋಪಿನ ಇಎನ್ 959 ಎಂಬ ಮಾನದಂಡ ಬಂಡೆಯ ಬೋಲ್ಟುಗಳಿಗೇ ಮೀಸಲು. ಅದರ 2007ರ ಆವೃತ್ತಿಯ ಪ್ರಕಾರ ಬೋಲ್ಟು ಅಡ್ಡ ಎಳೆತಕ್ಕೆ 25 ಕಿಲೋನ್ಯೂಟನ್, ನೇರ ಹೊರಮುಖದ ಎಳೆತಕ್ಕೆ 15 ಕಿಲೋನ್ಯೂಟನ್ ತಡೆಯಬೇಕಿತ್ತು. ಹ್ಯಾಂಗರಿನ ಮೇಲೆ ಸಂಖ್ಯೆ ಒತ್ತಿರುವುದನ್ನು ನೀವು ನೋಡಿರಬಹುದು. ಆ ಸಂಖ್ಯೆ ಬಂದದ್ದು ಕಾಂಕ್ರೀಟ್ ದಿಮ್ಮಿಯಲ್ಲಿ ಮಾಡಿದ ಪರೀಕ್ಷೆಯಿಂದ. ರಾಮನಗರದ ಗ್ರಾನೈಟು ಕಾಂಕ್ರೀಟಿಗಿಂತ ಎಷ್ಟೋ ಗಟ್ಟಿ. ಬಾದಾಮಿಯ ಮರಳುಗಲ್ಲು ಹಾಗಲ್ಲ. ಒಂದು ಪದರ ಸುತ್ತಿಗೆಗೆ ಕಿಡಿ ಹಾರಿಸುತ್ತದೆ, ಎರಡಡಿ ಮೇಲಿನ ಪದರವನ್ನು ಉಗುರಿನಿಂದ ಕೆರೆದರೆ ಹರಳು ಉದುರುತ್ತದೆ. ಕಂಪನಿಯವರು ತಮ್ಮ ಬೋಲ್ಟಿಗೆ ಖಾತರಿ ಕೊಡಬಲ್ಲರು, ನಮ್ಮ ಕಲ್ಲಿಗೆ ಕೊಡಲಾರರು. ಕಲ್ಲನ್ನು ನಾವೇ ಪರೀಕ್ಷಿಸಬೇಕು.

ಯಂತ್ರದ ವಿಷಯಕ್ಕೆ ಬರುತ್ತೇನೆ. ಎಳೆಯುವುದಕ್ಕೆ ಲಾರಿಯವರ ಬಾಟಲ್ ಜಾಕ್ ಸಾಕು ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ಒಂದೆರಡು ಸಾವಿರಕ್ಕೆ ಐದು ಟನ್ನಿನದು ಸಿಗುತ್ತದೆ, ಬಲಕ್ಕೆ ಕೊರತೆಯಿಲ್ಲ. ತೊಂದರೆ ಇರುವುದು ಅದನ್ನು ಮಲಗಿಸಿದಾಗ. ನೆಟ್ಟಗಿನ ಗೋಡೆಯಲ್ಲಿರುವ ಬೋಲ್ಟನ್ನು ಹೊರಕ್ಕೆ ಎಳೆಯಬೇಕಾದರೆ ಜಾಕ್ ಅಡ್ಡ ಮಲಗಲೇಬೇಕು. ಪಂಪಿನ ಭಾಗ ಕೆಳಗಿದ್ದರೆ ಬಹುಪಾಲು ಜಾಕುಗಳು ಹಾಗೂ ಕೆಲಸ ಮಾಡುತ್ತವೆ. ಮೇಲಾದರೆ ಎಣ್ಣೆಯ ಬದಲು ಗಾಳಿ ಹೀರುತ್ತವೆ. ತಲೆಯ ಮೇಲೆ ಚಾಚಿದ ಬಂಡೆಯ ಅಡಿಯಲ್ಲಂತೂ ಅವು ನಿರುಪಯೋಗಿ. ಮಧ್ಯದಲ್ಲಿ ತೂತಿರುವ ಹೈಡ್ರಾಲಿಕ್ ಸಿಲಿಂಡರು ಇದಕ್ಕೆಲ್ಲ ಒಳ್ಳೆಯ ಉತ್ತರ: ರಾಡು ತೂತಿನ ಮೂಲಕ ಹಾಯುತ್ತದೆ, ಪಂಪು ಹೋಸಿನ ತುದಿಯಲ್ಲಿ ಬೇರೆಯೇ ಇರುತ್ತದೆ. 18 ಚದರ ಸೆಂಟಿಮೀಟರ್ ಕ್ಷೇತ್ರಫಲದ ಪಿಸ್ಟನ್ನಿಗೆ 100 ಬಾರ್ ಒತ್ತಡ ಕೊಟ್ಟರೆ 18 ಕಿಲೋನ್ಯೂಟನ್ ಬರುತ್ತದೆ, ಲೆಕ್ಕವೂ ಸುಲಭ. ಬೆಲೆ ಮಾತ್ರ ಸುಲಭವಲ್ಲ.

ಹಾಗಾಗಿ ನಾವು ತಿರುಪಿನ ಮೊರೆ ಹೋದೆವು. ಎಂ20 ಅಳತೆಯ ಒಂದು ಥ್ರೆಡ್ ರಾಡ್, ಅದರ ಮೇಲೆ ಉದ್ದನೆಯ ನಟ್, ನಟ್ಟಿನ ಕೆಳಗೆ 20 ಮಿಲಿಮೀಟರ್ ರಂಧ್ರದ 51104 ಸಂಖ್ಯೆಯ ಥ್ರಸ್ಟ್ ಬೇರಿಂಗ್, ಅದರ ಕೆಳಗೆ ಮೂರು ಕಾಲಿನ ಚೌಕಟ್ಟು. ರಾಡಿನ ಒಳತುದಿಗೆ ಬಲ ಅಳೆಯುವ ಲೋಡ್ ಸೆಲ್, ಅದರಿಂದ ಒಂದು ಶ್ಯಾಕಲ್ ಬೋಲ್ಟಿನ ಹ್ಯಾಂಗರಿಗೆ. ಸ್ಪ್ಯಾನರಿನಿಂದ ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ರಾಡು ಎರಡೂವರೆ ಮಿಲಿಮೀಟರ್ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ 4.6 ದರ್ಜೆಯ ಸಾಮಾನ್ಯ ರಾಡು ಕೂಡ ಐವತ್ತೈದು ಕಿಲೋನ್ಯೂಟನ್ನಿಗೂ ಹೆಚ್ಚಿನ ಎಳೆತವನ್ನು ಶಾಶ್ವತವಾಗಿ ಹಿಗ್ಗದೆ ತಡೆಯುತ್ತದೆ, ನಮಗೆ ಬೇಕಾದದ್ದು ಇಪ್ಪತ್ತು. ಚೌಕಟ್ಟಿಗೆ ಮೂರೇ ಕಾಲು ಯಾಕೆಂದರೆ ಉಬ್ಬುತಗ್ಗಿನ ಬಂಡೆಯ ಮೇಲೆ ಮೂರು ಕಾಲು ಕುಂಟದೆ ಕೂರುತ್ತವೆ. ಪ್ರತಿ ಕಾಲಿಗೂ ಎತ್ತರ ಹೊಂದಿಸುವ ತಿರುಪು, ಅದರ ತುದಿಗೆ ಎತ್ತ ಬೇಕಾದರೂ ವಾಲುವ ಪಾದ. ರಾಡು ಬೋಲ್ಟಿನ ನೇರಕ್ಕೇ ಬರುವ ಹಾಗೆ ಹೊಂದಿಸಲು ಇದು ಬೇಕೇ ಬೇಕು.

ನಟ್ಟು ತಿರುಗುವಾಗ ರಾಡೂ ಜೊತೆಗೆ ತಿರುಗಿದರೆ ಲೋಡ್ ಸೆಲ್ ತಿರುಚಿಕೊಳ್ಳುತ್ತದೆ, ಹ್ಯಾಂಗರೂ ತಿರುಗುತ್ತದೆ. ಇದಕ್ಕೆ ನಾವು ಪಿನ್ನು, ಲಾಕ್ ನಟ್ ಅಂತ ಏನೇನೋ ಗೀಚಿಕೊಂಡು ಪೀಣ್ಯದ ಒಂದು ಲೇತ್ ಅಂಗಡಿಗೆ ಹೋಗಿದ್ದೆವು. ಅಲ್ಲಿನ ಹಿರಿಯ ಟರ್ನರ್ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟೆಲ್ಲ ಯಾಕೆ ಸಾರ್, ರಾಡಿನ ಉದ್ದಕ್ಕೂ ಒಂದು ಕೀವೇ ಹಾಕಿಬಿಡೋಣ. ಪ್ಲೇಟಲ್ಲಿ ಒಂದು ಕೀ ಕೂರಿಸಿದ್ರೆ ಮೇಲೆ ಕೆಳಗೆ ಹೋಗ್ತದೆ, ತಿರುಗಲ್ಲ" ಅಂದರು. ಆರು ಮಿಲಿಮೀಟರ್ ಅಗಲದ ತೋಡು, ಅದರೊಳಗೆ ಜಾರುವ ಉಕ್ಕಿನ ತುಂಡು. ಇವತ್ತು ಯಂತ್ರದಲ್ಲಿ ಇರುವುದು ಅದೇ. ವಿದ್ಯಾರ್ಥಿಗಳು ನಕ್ಷೆ ಮುಗಿಸುವ ಮೊದಲೇ ಅದನ್ನು ಲೇತಿನ ಮುಂದೆ ನಿಲ್ಲುವವರಿಗೆ ತೋರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಟಾರ್ಕ್ ರೆಂಚ್ ಇದ್ದರೆ ಲೋಡ್ ಸೆಲ್ ಯಾಕೆ ಎಂದು ಕೇಳುವವರಿದ್ದಾರೆ. ತಿರುಚುವ ಬಲ ಗೊತ್ತಾದರೆ ಎಳೆಯುವ ಬಲ ಲೆಕ್ಕ ಹಾಕಬಹುದಲ್ಲ ಎಂಬುದು ಅವರ ವಾದ. ಸೂತ್ರವೇನೋ ಇದೆ. ಎಂ20 ರಾಡಿನಲ್ಲಿ 20 ಕಿಲೋನ್ಯೂಟನ್ ಎಳೆತಕ್ಕೆ ಸುಮಾರು 80 ನ್ಯೂಟನ್-ಮೀಟರ್ ಬೇಕು ಎಂದು ಅದು ಹೇಳುತ್ತದೆ. ಆದರೆ ಆ ಸೂತ್ರದಲ್ಲಿ ಉಜ್ಜುವಿಕೆಯ ಗುಣಾಂಕವೊಂದಿದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಅದು ಒಂದು, ಧೂಳು ಕೂತರೆ ಇನ್ನೊಂದು. ನಾವು ಹೇಗೂ ಬೇರಿಂಗ್ ಹಾಕಿ ಅದನ್ನು ಇನ್ನಷ್ಟು ಬದಲಿಸಿರುತ್ತೇವೆ. ಕೊರೆದ ಕಲ್ಲಿನ ಪುಡಿ ಹಾರುವ ಜಾಗದಲ್ಲಿ ಆ ಲೆಕ್ಕವನ್ನು ನೆಚ್ಚಿಕೊಳ್ಳಬಾರದು. ಎಳೆಯುವ ದಾರಿಯಲ್ಲೇ ಅಳೆಯುವ ಸಾಧನ ಇರಬೇಕು.

ಚೈನ್ ಪುಲ್ಲಿ, ಹಗ್ಗ, ಜೀಪಿನ ವಿಂಚು ಇವುಗಳನ್ನು ಏಕೆ ಬೇಡವೆಂದೆವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಪ್ರಾಣದ ಪ್ರಶ್ನೆ ಇದೆ. ಎಳೆದ ವಸ್ತುವಿನಲ್ಲಿ ಕೂಡಿಕೊಳ್ಳುವ ಶಕ್ತಿ ಬಲ ಮತ್ತು ಹಿಗ್ಗಿದ ಉದ್ದದ ಗುಣಲಬ್ಧದ ಅರ್ಧ. 20 ಕಿಲೋನ್ಯೂಟನ್ ಎಳೆತದಲ್ಲಿ ಹಗ್ಗ ಒಂದು ಮೀಟರ್ ಹಿಗ್ಗಿದ್ದರೆ ಅದರಲ್ಲಿ 10,000 ಜೂಲ್ ಕೂತಿರುತ್ತದೆ. ನೂರು ಕಿಲೋ ತೂಕ ಮೂರು ಮಹಡಿ ಎತ್ತರದಿಂದ ಬಿದ್ದಷ್ಟು. ಬೋಲ್ಟು ಕಿತ್ತ ಕ್ಷಣದಲ್ಲಿ ಅದೆಲ್ಲ ಬಿಡುಗಡೆಯಾಗಿ ಉಕ್ಕಿನ ಚೂರನ್ನು ಎಳೆಯುವವನ ಮುಖಕ್ಕೆ ಎಸೆಯುತ್ತದೆ. ಅದೇ ಬಲದಲ್ಲಿ ಗಿಡ್ಡ ರಾಡು, ಲೋಡ್ ಸೆಲ್, ಚೌಕಟ್ಟು ಎಲ್ಲ ಸೇರಿ ಒಂದು ಮಿಲಿಮೀಟರ್ ಹಿಗ್ಗಿ ಬಾಗಿದರೆ ಕೂಡಿರುವುದು ಹತ್ತೇ ಜೂಲ್. ಒಂದು ಕಿಲೋ ಕಲ್ಲು ಒಂದು ಮೀಟರಿನಿಂದ ಬಿದ್ದಷ್ಟು. ಕನ್ನಡಕ, ಹೆಲ್ಮೆಟ್ಟು ಆಗಲೂ ಬೇಕು. ರಾಡಿನ ನೇರಕ್ಕೆ ಯಾರೂ ನಿಲ್ಲಬಾರದು. ಆದರೆ ಎರಡೂ ವ್ಯವಸ್ಥೆಗಳ ನಡುವೆ ಸಾವಿರ ಪಟ್ಟು ಅಂತರವಿದೆ. ಹಗ್ಗ ಕಟ್ಟಿ ಜೀಪಿನಿಂದ ಎಳೆಯುವ ಪ್ರಯೋಗವನ್ನು ದಯವಿಟ್ಟು ಯಾರೂ ಮಾಡಬೇಡಿ.

ಇನ್ನು ಚೌಕಟ್ಟಿನ ಕಾಲುಗಳ ವಿಷಯ. ಇಡೀ ಯಂತ್ರದಲ್ಲಿ ನನಗೆ ಇದೇ ಮುಖ್ಯ. ಬೋಲ್ಟನ್ನು ನೀವು ಹೊರಕ್ಕೆ ಎಳೆದಾಗ ಅಷ್ಟೇ ಬಲದಿಂದ ಕಾಲುಗಳು ಬಂಡೆಯನ್ನು ಒಳಕ್ಕೆ ಒತ್ತುತ್ತವೆ. ಬಲ ಬೋಲ್ಟಿನಿಂದ ರಾಡಿಗೆ, ರಾಡಿನಿಂದ ಚೌಕಟ್ಟಿಗೆ, ಕಾಲುಗಳಿಂದ ಮತ್ತೆ ಕಲ್ಲಿಗೆ ಹೋಗಿ ಸುತ್ತು ಮುಗಿಸುತ್ತದೆ. ಕಲ್ಲು ಸೋತು ಬೋಲ್ಟು ಕಿತ್ತುಬರುವಾಗ ಬರಿಯ ಬೋಲ್ಟು ಬರುವುದಿಲ್ಲ, ಅದರ ಸುತ್ತ ಆಲಿಕೆಯಾಕಾರದ ಕಲ್ಲಿನ ತುಂಡೂ ಬರುತ್ತದೆ. ಆ ಆಲಿಕೆಯ ಬಾಯಿ ಬೋಲ್ಟಿನ ಆಳಕ್ಕಿಂತ ಅಗಲ. ನಿಮ್ಮ ಯಂತ್ರದ ಕಾಲುಗಳು ಅದರ ಬಾಯಿಯ ಒಳಗೇ ಇದ್ದರೆ, ಏಳಬೇಕಾದ ಕಲ್ಲನ್ನು ನೀವೇ ಅದುಮಿ ಹಿಡಿದಿರುತ್ತೀರಿ. ಆಗ ಬರುವ ಸಂಖ್ಯೆ ಅಂಟಿನದೋ ಬೋಲ್ಟಿನ ಹಿಡಿತದ್ದೋ ಆಗಿರುತ್ತದೆ, ಕಲ್ಲಿನದಾಗಿರುವುದಿಲ್ಲ. ಕಾಂಕ್ರೀಟಿನ ಪರೀಕ್ಷೆಗೆ ಅಮೆರಿಕದ ಎಎಸ್‌ಟಿಎಂ ಇ488 ಮಾನದಂಡ ಇದಕ್ಕೇ ಆಧಾರಗಳನ್ನು ಬೋಲ್ಟಿನಿಂದ ಅದರ ಆಳದ ಎರಡರಷ್ಟು ದೂರ ಇಡಲು ಹೇಳುತ್ತದೆ. ಎಂಬತ್ತು ಮಿಲಿಮೀಟರ್ ಆಳದ ಬೋಲ್ಟಿಗೆ ನೂರಾ ಅರವತ್ತು. ನಾವು ಇನ್ನೂರು ಇಟ್ಟಿದ್ದೇವೆ. ಕಾಲು ದೂರವಾದಷ್ಟೂ ಚೌಕಟ್ಟು ಬಾಗದಂತೆ ಪಟ್ಟಿ ದಪ್ಪ ಮಾಡಬೇಕು, ತೂಕ ಏರುತ್ತದೆ, ಅದನ್ನು ಬೆನ್ನಿಗೆ ಹೊತ್ತು ಹಗ್ಗದಲ್ಲಿ ನೇತಾಡುತ್ತ ಹೊಂದಿಸುವವರ ಸೊಂಟ ನೋಯುತ್ತದೆ. ಆದರೂ ಇಲ್ಲಿ ಉಳಿತಾಯ ಮಾಡಬಾರದು. ಅಂಗೈಯಗಲದ ಚೆಂದದ ಯಂತ್ರ ಬಾದಾಮಿಯ ಮೆದು ಪದರದಲ್ಲಿ ಧೈರ್ಯ ಕೊಡುವ ಸಂಖ್ಯೆಯನ್ನೇ ತೋರಿಸೀತು. ಆ ಧೈರ್ಯ ಸುಳ್ಳು.

ಕಾಲುಗಳನ್ನು ಎಷ್ಟು ದೂರ ಇಟ್ಟರೂ ಯಂತ್ರ ಹೇಳಲಾರದ ಒಂದು ಸಂಗತಿ ಇದೆ. ರಾಮನಗರದ ಬೆಟ್ಟಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ಇಂಥ ಬಂಡೆಗಳ ಮೇಲ್ಮೈ ದೊಡ್ಡ ದೊಡ್ಡ ಹಾಳೆಗಳಾಗಿ ಬಿಡುತ್ತದೆ. ಹೊರಗಿನಿಂದ ನೋಡಿದರೆ ಅಖಂಡ ಬಂಡೆ. ಒಳಗೆ ಒಂದು ಗೇಣು ಆಳದಲ್ಲಿ ಬಿರುಕು. ಬೋಲ್ಟು ಆ ಹಾಳೆಯಲ್ಲಿದ್ದು, ಯಂತ್ರದ ಮೂರೂ ಕಾಲುಗಳು ಅದೇ ಹಾಳೆಯ ಮೇಲೆ ಕೂತರೆ ಬಲದ ಸುತ್ತು ಹಾಳೆಯೊಳಗೇ ಮುಗಿದುಹೋಗುತ್ತದೆ. ಹಿಂದಿನ ಬೆಟ್ಟಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಯಂತ್ರ ಇಪ್ಪತ್ತು ಕಿಲೋನ್ಯೂಟನ್ ತೋರಿಸುತ್ತದೆ. ಆದರೆ ಮನುಷ್ಯ ಬಿದ್ದಾಗ ಕಾಲುಗಳು ಇರುವುದಿಲ್ಲ. ಎಳೆತವೆಲ್ಲ ಹಾಳೆಯನ್ನು ಬೆಟ್ಟದಿಂದ ಬಿಡಿಸುವ ಕಡೆಗೇ ಹೋಗುತ್ತದೆ. ಇಂಥ ಹಾಳೆಯನ್ನು ಗುರುತಿಸಲು ಇರುವ ಸಾಧನ ಸುತ್ತಿಗೆ. ನಮ್ಮ ಕಲ್ಲುಕುಟಿಗರು ಉಳಿ ಇಡುವ ಮೊದಲು ಬಂಡೆಗೆ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಬಂಡೆ ಖಣಿಲೆಂದು ತೀಕ್ಷ್ಣವಾಗಿ ಉತ್ತರಿಸುತ್ತದೆ, ಹಿಂದೆ ಟೊಳ್ಳಿದ್ದರೆ ದೊಬ್ಬೆಂದು ಮಂದವಾಗುತ್ತದೆ. ಅಂಗೈಯನ್ನು ಪಕ್ಕದಲ್ಲಿ ಊರಿದರೆ ನಡುಕ ಕೈಗೂ ತಿಳಿಯುತ್ತದೆ. ನಮ್ಮ ಪರೀಕ್ಷೆಯ ಪುಸ್ತಕದಲ್ಲಿ ಯಂತ್ರದ ಸಂಖ್ಯೆಗೆ ಮೊದಲು ಬರೆಯುವ ಕಾಲಂ ಬಂಡೆಯ ಸದ್ದು. ಸದ್ದು ಮಂದವಾಗಿದ್ದರೆ ಯಂತ್ರ ಚೀಲದಿಂದ ಹೊರಗೇ ಬರುವುದಿಲ್ಲ.

ಅಳೆಯುವ ಭಾಗ ಈಗ ಆಶ್ಚರ್ಯವಾಗುವಷ್ಟು ಅಗ್ಗ. ಲೋಡ್ ಸೆಲ್ಲಿನೊಳಗೆ ಇರುವುದು ಉಕ್ಕಿಗೆ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜುಗಳು. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆಬೇರೆಯಾಗಿ ಕಂಡುಕೊಂಡ ಉಪಾಯ ಅದು. ಅವನ್ನು ನಿಮ್ಮ ಪಠ್ಯದ ವೀಟ್‌ಸ್ಟನ್ ಸೇತುವೆಯಂತೆ ಜೋಡಿಸಿರುತ್ತಾರೆ. ಮೂರು ಟನ್ನಿನ ಎಸ್ ಆಕಾರದ ಸೆಲ್ಲಿಗೆ ಐದು ವೋಲ್ಟ್ ಕೊಟ್ಟು ಪೂರ್ತಿ ಭಾರ ಹೇರಿದರೂ ಹೊರಬರುವುದು ಬರಿಯ ಹತ್ತು ಮಿಲಿವೋಲ್ಟ್. ಅದನ್ನು ಓದಲು ಎಚ್‌ಎಕ್ಸ್711 ಎಂಬ ಪುಟ್ಟ ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅದು ಸೆಕೆಂಡಿಗೆ ಹತ್ತು ಸಲ, ಒಂದು ಪಿನ್ನಿನ ಸಂಪರ್ಕ ಬದಲಿಸಿದರೆ ಎಂಬತ್ತು ಸಲ ಓದುತ್ತದೆ. ನಿಧಾನವಾಗಿ, ಸೆಕೆಂಡಿಗೆ ಒಂದು ಕಿಲೋನ್ಯೂಟನ್ನಿನಂತೆ ಎಳೆದರೆ, ಎಂಬತ್ತರ ಎರಡು ಓದುಗಳ ನಡುವೆ ಬಲ ಏರುವುದು ಹನ್ನೆರಡೂವರೆ ನ್ಯೂಟನ್ ಮಾತ್ರ. ನಮ್ಮ ಕೆಲಸಕ್ಕೆ ಧಾರಾಳ. ಭಾರ ಕೆಡವಿ ನೋಡುವ ಪರೀಕ್ಷೆಗೆ ಮಾತ್ರ ಇದನ್ನು ಬಳಸಬೇಡಿ. ಅಲ್ಲಿ ಬಲದ ಶಿಖರ ಬಂದು ಹೋಗುವುದು ಕಣ್ಣು ಮಿಟುಕಿಸುವುದರೊಳಗೆ, ಈ ಬೋರ್ಡು ಅದರ ಇಳಿಜಾರನ್ನಷ್ಟೇ ಹಿಡಿದು ಕಡಿಮೆ ಸಂಖ್ಯೆ ಕೊಟ್ಟೀತು.

ಅಗ್ಗದ ಬೋರ್ಡಿಗೆ ನಂಬಿಕೆ ಬರುವುದು ಕ್ಯಾಲಿಬ್ರೇಷನ್ನಿನಿಂದ. ಒಂದು ಸಿಮೆಂಟ್ ಮೂಟೆ ನೇತುಹಾಕಿ ಸಂಖ್ಯೆ ಹೊಂದಿಸಿದರೆ ಆಯಿತು ಎನ್ನುವವರುಂಟು. ಐವತ್ತು ಕಿಲೋ ಮೂಟೆಯ ಭಾರ ಬೆಂಗಳೂರಿನ ಗುರುತ್ವದಲ್ಲಿ 489 ನ್ಯೂಟನ್. ನಮ್ಮ ಇಪ್ಪತ್ತು ಕಿಲೋನ್ಯೂಟನ್ನಿನಲ್ಲಿ ಅದು ನಲವತ್ತನೆಯ ಒಂದು ಪಾಲು. ಕೆಳತುದಿಯಲ್ಲಿ ಆದ ಕೂದಲೆಳೆಯ ವ್ಯತ್ಯಾಸ ಮೇಲೆ ಹೋಗುವಷ್ಟರಲ್ಲಿ ನಲವತ್ತು ಪಟ್ಟು ಆಗಿರುತ್ತದೆ. ಲೋಡ್ ಸೆಲ್ಲನ್ನು ಎಂಜಿನಿಯರಿಂಗ್ ಕಾಲೇಜಿನ ಮಟೀರಿಯಲ್ ಟೆಸ್ಟಿಂಗ್ ಲ್ಯಾಬಿಗೆ ಒಯ್ದು ಅಲ್ಲಿನ ಯುಟಿಎಂಗೆ, ಅಂದರೆ ವಸ್ತುಗಳನ್ನು ಎಳೆದು ಒತ್ತಿ ಪರೀಕ್ಷಿಸುವ ಯಂತ್ರಕ್ಕೆ, ಕಚ್ಚಿಸಿ. ಆ ಯಂತ್ರಕ್ಕೆ ಚಾಲ್ತಿಯಲ್ಲಿರುವ ಸರ್ಟಿಫಿಕೇಟು ಇದೆಯೇ ನೋಡಿ. ಐಎಸ್‌ಒ 7500-1ರ ಒಂದನೇ ವರ್ಗ ಎಂದಿದ್ದರೆ ಶೇಕಡಾ ಒಂದರೊಳಗೆ ಸರಿ ಇದೆ ಎಂದರ್ಥ. ಎರಡು, ಐದು, ಹತ್ತು, ಹದಿನೈದು, ಇಪ್ಪತ್ತು ಕಿಲೋನ್ಯೂಟನ್ನಿನಲ್ಲಿ ಏರುತ್ತ ಒಮ್ಮೆ, ಇಳಿಯುತ್ತ ಒಮ್ಮೆ ಬರೆದುಕೊಳ್ಳಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ಸೊನ್ನೆ ಸರಿಯುವುದರಿಂದ ಪ್ರತಿ ಎಳೆತಕ್ಕೂ ಮೊದಲು ಸೊನ್ನೆ ಮಾಡಿಕೊಳ್ಳಿ. ಹದಿನೈದು ಸಾವಿರದಲ್ಲಿ ಎಲ್ಲಿ ಬೇಕಾದರೂ ಉಳಿಸಿ, ಗುಜರಿಯ ಉಕ್ಕು ತನ್ನಿ, ಬಣ್ಣ ಬಳಿಯದೆ ಬಿಡಿ. ಕ್ಯಾಲಿಬ್ರೇಷನ್ನಿನ ಈ ಒಂದು ದಿನಕ್ಕೆ ಹಣವನ್ನೂ ವೇಳೆಯನ್ನೂ ಬಿಗಿಹಿಡಿಯಬೇಡಿ.

ಎಷ್ಟು ಎಳೆಯಬೇಕು? ಮುರಿಯುವ ತನಕ ಎಳೆಯುವುದು ಒಂದು ಬಗೆ. ಅದನ್ನು ಹತ್ತುವ ಮಾರ್ಗದ ಬೋಲ್ಟಿನ ಮೇಲೆ ಎಂದೂ ಮಾಡುವುದಿಲ್ಲ. ಕಲ್ಲುಗಣಿಯಲ್ಲಿ ಒಡೆದು ಬಿಟ್ಟ, ಅದೇ ಜಾತಿಯ ಕಲ್ಲಿನಲ್ಲಿ, ಅದಕ್ಕೆಂದೇ ಹಾಕಿದ ಬೋಲ್ಟುಗಳ ಮೇಲೆ ಮಾಡುತ್ತೇವೆ. ಬಾದಾಮಿಯ ಚಾಲುಕ್ಯರ ಗುಹೆಗಳ, ಕೋಟೆಯ ಆಸುಪಾಸಿನ ಬಂಡೆಗೆ ಡ್ರಿಲ್ ತಾಗಿಸುವ ಮಾತೇ ಇಲ್ಲ. ಆ ಬಂಡೆ ಹತ್ತುವವರ ಸೊತ್ತಲ್ಲ. ಮುರಿದ ಸಂಖ್ಯೆಗಳ ಸರಾಸರಿಯನ್ನು ನಾವು ಹೇಳುವುದಿಲ್ಲ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹೇಳುತ್ತೇವೆ, ಏಕೆಂದರೆ ಬೀಳುವವರು ಸರಾಸರಿಯ ಮೇಲೆ ಬೀಳುವುದಿಲ್ಲ. ಇನ್ನೊಂದು ಬಗೆ, ಇರುವ ಬೋಲ್ಟನ್ನು ಒಂದು ಮಿತಿಯವರೆಗೆ ಎಳೆದು, ಸ್ವಲ್ಪ ಹೊತ್ತು ಹಿಡಿದು, ಬಿಡುವುದು. ನಾವು ಎಂಟು ಕಿಲೋನ್ಯೂಟನ್ ಎಂದು ಇಟ್ಟುಕೊಂಡಿದ್ದೇವೆ. ಇದು ನಮ್ಮ ತೀರ್ಮಾನ, ಯಾವ ಮಾನದಂಡದ ಮಾತೂ ಅಲ್ಲ. ಸಾಮಾನ್ಯ ಬೀಳುವಿಕೆಗಿಂತ ಮೇಲೆ, ಒಳ್ಳೆಯ ಬೋಲ್ಟಿಗೆ ಪೆಟ್ಟಾಗುವುದಕ್ಕಿಂತ ಸಾಕಷ್ಟು ಕೆಳಗೆ. ಹಿಡಿದ ಹೊತ್ತಿನಲ್ಲಿ ಸಂಖ್ಯೆ ತಾನಾಗಿ ಇಳಿಯತೊಡಗಿದರೆ ಬೋಲ್ಟು ಜಾರುತ್ತಿದೆ. ಆ ಇಳಿಕೆಯನ್ನು ನೋಡುವುದೇ ಪರೀಕ್ಷೆಯ ಅರ್ಧ ಕೆಲಸ.

ಅಂಟಿನ ಬೋಲ್ಟು ಹೀಗೆ ಸೋತಾಗ ಮೊದಲು ನೋಡಬೇಕಾದದ್ದು ತೂತಿನೊಳಗಿನ ಪುಡಿ. ಕಿತ್ತ ಬೋಲ್ಟಿನ ಅಂಟಿನ ಮೇಲೆ ಬಾದಾಮಿಯ ಕೆಂಪು ಹುಡಿ ಹಿಟ್ಟಿನಂತೆ ಮೆತ್ತಿದ್ದರೆ ಅಂಟು ಹಿಡಿದದ್ದು ಹುಡಿಯನ್ನು, ಕಲ್ಲನ್ನಲ್ಲ. ಊದಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಿ, ಮತ್ತೆ ಉಜ್ಜಿ, ಬೆರಳು ಹಾಕಿದರೆ ಹುಡಿ ಅಂಟದಷ್ಟು ಶುಚಿ ಮಾಡಬೇಕು. ಬೋಲ್ಟು ಹಾಕುವವರು ದಣಿದು ಸಂಜೆಯಾಗಿದ್ದಾಗ ಬಿಟ್ಟುಬಿಡುವುದು ಇದನ್ನೇ.

ಪರೀಕ್ಷೆ ಗೆದ್ದ ಬೋಲ್ಟಿಗೂ ಆ ಗೆಲುವು ಆ ದಿನದ್ದು. ಥಾಯ್ಲೆಂಡಿನ ರೈಲೇ, ಕೆರಿಬಿಯನ್ನಿನ ಕೇಮನ್ ಬ್ರ್ಯಾಕ್ ದ್ವೀಪದಂಥ ಕಡಲತಡಿಯ ಬಂಡೆಗಳಲ್ಲಿ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳು ಕಡಿಮೆ ಭಾರಕ್ಕೇ ತುಂಡಾದವು. ಉಪ್ಪಿನ ಕ್ಲೋರೈಡ್, ಬಿಸಿ ತೇವದ ಗಾಳಿ, ಉಕ್ಕಿನೊಳಗಿನ ಸೆಳೆತ ಮೂರೂ ಕೂಡಿದಾಗ 304, 316 ಎಂಬ ದರ್ಜೆಗಳ ಒಳಗೆ ಸೂಕ್ಷ್ಮ ಬಿರುಕು ಬೆಳೆಯುತ್ತದೆ. ಹೊರಗೆ ತುಕ್ಕಿನ ಗುರುತು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಈಗ ಟೈಟೇನಿಯಂ ಬೋಲ್ಟುಗಳನ್ನು ಹಾಕುತ್ತಿದ್ದಾರೆ. ಬಾದಾಮಿಯ ಒಣ ಹವೆಯಲ್ಲಿ ಈ ಭಯ ಕಡಿಮೆ. ನಮ್ಮ ಕರಾವಳಿಯ ಬಂಡೆಗೆ ಬೋಲ್ಟು ಹಾಕುವ ಯೋಚನೆ ಯಾರಿಗಾದರೂ ಬಂದರೆ, ಎಳೆದು ನೋಡುವ ಯಂತ್ರಕ್ಕಿಂತ ಮೊದಲು ಲೋಹದ ಆಯ್ಕೆಯ ಮಾತು ಆಗಲಿ.

ಯಂತ್ರದ ನಕ್ಷೆಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಯಾರು ಬೇಕಾದರೂ ಒಯ್ಯಬಹುದು, ಮಾಡಿಸಬಹುದು, ತಿದ್ದಬಹುದು. ಮಾಡಿಸಿದವರು ಪ್ರತಿ ಬೋಲ್ಟಿಗೂ ಜಾಗ, ದಿನಾಂಕ, ಬಂಡೆಯ ಸದ್ದು, ಕಾಲುಗಳ ದೂರ, ಎಳೆದ ಬಲ, ಹಿಡಿದ ಹೊತ್ತು ಇಷ್ಟನ್ನು ಬರೆದಿಟ್ಟು ಉಳಿದ ಗುಂಪುಗಳಿಗೂ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಕಾಲೇಜಿನ ಆಡಳಿತಕ್ಕೂ ಒಂದು ಕೋರಿಕೆ ಇದೆ: ವರ್ಷದಲ್ಲಿ ಒಂದು ದಿನ ನಿಮ್ಮ ಲ್ಯಾಬಿನ ಯುಟಿಎಂ ಅನ್ನು ಬಂಡೆ ಹತ್ತುವ ಗುಂಪುಗಳ ಲೋಡ್ ಸೆಲ್ಲುಗಳ ಕ್ಯಾಲಿಬ್ರೇಷನ್ನಿಗೆ ತೆರೆದಿಡಿ. ಆ ದಿನ ಯಂತ್ರದ ಬಳಿ ನಿಂತು ಸಂಖ್ಯೆ ಬರೆದುಕೊಳ್ಳಲು ಹಿಂದಿನ ಸಾಲುಗಳ ವಿದ್ಯಾರ್ಥಿಗಳಲ್ಲಿ ಯಾರು ಬರುತ್ತೀರಿ ಎಂದು ಈಗಲೇ ಹೆಸರು ಬರೆಸಿ ಹೋಗಿ.